ತಂತಿಯಿಲ್ಲದ ನಂಟು: ಲಿನಕ್ಸ್ ಗಣಕಯಂತ್ರಗಳೂ ಬ್ಲೂಟೂತ್ ಉಪಕರಣಗಳೂ

ಕರಿಹಲಗೆ, ಭೂಪಟ, ಪ್ರಯೋಗಶಾಲೆಯ ಗಾಜಿನ ನಳಿಗೆಗಳ ಸಾಲಿನಲ್ಲಿ ಗಣಕಯಂತ್ರವೂ ಇಂದು ಗ್ರಾಮೀಣ ಶಾಲೆಗಳ ಬೋಧನ ಸಾಮಗ್ರಿಯಾಗಿ ಸೇರಿಕೊಂಡಿದೆ. ಆದರೆ ಭೂಪಟವು ಹರಿಯುವವರೆಗೆ ಬಾಳುತ್ತದೆ. ಗಣಕಯಂತ್ರದ ಬಾಳುವೆ ಹಾಗಲ್ಲ. ಯಂತ್ರವು ಸುಸ್ಥಿತಿಯಲ್ಲಿದ್ದರೂ ಅದನ್ನು ನಡೆಸುವ ತಂತ್ರಾಂಶದ ಆಯುಸ್ಸು ತೀರಿದರೆ ಯಂತ್ರವೂ ಹಳತೆನಿಸಿಕೊಳ್ಳುತ್ತದೆ. 2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ಕ್ಕೆ ನೀಡುತ್ತಿದ್ದ ಸಾಮಾನ್ಯ ಬೆಂಬಲವನ್ನು ನಿಲ್ಲಿಸಿತು. ಅದರ ನಂತರದ ವಿಂಡೋಸ್ 11, ಹೊಸ ಭದ್ರತಾ ಚಿಪ್ಪನ್ನೂ ಹೊಸ ತಲೆಮಾರಿನ ಸಂಸ್ಕಾರಕವನ್ನೂ ಬೇಡುತ್ತದೆ. ದಾನಿಗಳು ಪ್ರೀತಿಯಿಂದ ಕೊಟ್ಟ ಎಷ್ಟೋ ಯಂತ್ರಗಳು ಈ ಬೇಡಿಕೆಯನ್ನು ಪೂರೈಸಲಾರವು. ಇಂತಹ ಯಂತ್ರಗಳನ್ನು ಮೂಲೆಗೆ ಸರಿಸದೆ ಉಳಿಸಿಕೊಳ್ಳುವ ಮಾರ್ಗಗಳಲ್ಲಿ ಮುಖ್ಯವಾದುದು ಲಿನಕ್ಸ್.

ಲಿನಕ್ಸ್ ಕಡೆಗೆ ಹೊರಳುವ ಶಾಲೆಯು ಎದುರಿಸುವ ಮೊದಲ ಪ್ರಶ್ನೆಗಳಲ್ಲಿ ಒಂದು, ನೋಟಕ್ಕೆ ಚಿಕ್ಕದು, ಅನುಭವಕ್ಕೆ ದೊಡ್ಡದು: ನಮ್ಮಲ್ಲಿರುವ ಬ್ಲೂಟೂತ್ ಧ್ವನಿವರ್ಧಕ, ಕೀಲಿಮಣೆ, ಹೆಡ್‌ಫೋನುಗಳು ಇದರೊಡನೆ ಕೆಲಸ ಮಾಡುತ್ತವೆಯೇ? ‘ಮಾಡುತ್ತವೆ’ ಎಂಬ ಉತ್ತರ ಬಹುಮಟ್ಟಿಗೆ ನಿಜ. ‘ಕೆಲವೊಮ್ಮೆ ಕೈಕೊಡುತ್ತವೆ’ ಎಂಬುದೂ ನಿಜ. ಈ ಎರಡರ ನಡುವಿನ ಅಂತರಕ್ಕೆ ಕಾರಣವೇನು, ಅದನ್ನು ಕಿರಿದುಗೊಳಿಸುವುದರಲ್ಲಿ ಶಿಕ್ಷಕರ, ದಾನಿಗಳ ಹಾಗೂ ಹಳೆಯ ವಿದ್ಯಾರ್ಥಿಗಳ ಪಾತ್ರವೇನು ಎಂಬುದನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಬ್ಲೂಟೂತ್ ಎಂದರೇನು?

ಹತ್ತಿರದ ಎರಡು ಉಪಕರಣಗಳು ತಂತಿಯ ಸಹಾಯವಿಲ್ಲದೆ ರೇಡಿಯೋ ತರಂಗಗಳ ಮೂಲಕ ಮಾತನಾಡಿಕೊಳ್ಳುವ ವ್ಯವಸ್ಥೆಯೇ ಬ್ಲೂಟೂತ್. ಸ್ವೀಡನ್ ದೇಶದ ಲುಂಡ್ ನಗರದಲ್ಲಿ ಎರಿಕ್‌ಸನ್ ಸಂಸ್ಥೆಯು 1994ರಲ್ಲಿ ಈ ಸಂಶೋಧನೆಯನ್ನು ಕೈಗೊಂಡಿತು. 1998ರಲ್ಲಿ ಎರಿಕ್‌ಸನ್, ನೋಕಿಯಾ, ಇಂಟೆಲ್, ಐಬಿಎಂ ಮತ್ತು ತೋಷಿಬಾ ಸಂಸ್ಥೆಗಳು ಕೂಡಿ ಒಂದು ಸಂಘವನ್ನು ರಚಿಸಿಕೊಂಡವು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕಿನ ಪಂಗಡಗಳನ್ನು ಒಂದುಗೂಡಿಸಿದನೆಂದು ಖ್ಯಾತನಾದ ಹೆರಾಲ್ಡ್ ಎಂಬ ದೊರೆಯ ಅಡ್ಡಹೆಸರು ‘ನೀಲಿ ಹಲ್ಲು’. ಬೇರೆ ಬೇರೆ ಉಪಕರಣಗಳನ್ನು ಒಂದುಗೂಡಿಸುವ ಈ ವಿದ್ಯೆಗೆ ಆ ಹೆಸರನ್ನು ತಾತ್ಕಾಲಿಕವಾಗಿ ಇಡಲಾಯಿತು. ತಾತ್ಕಾಲಿಕವಾದುದೇ ಕಡೆಗೆ ಸ್ಥಿರವಾಗಿ ನಿಂತಿತು.

ಇದು ಬಳಸುವುದು 2.4 ಗಿಗಾಹರ್ಟ್ಸ್ ಪಟ್ಟಿಯ ತರಂಗಗಳನ್ನು. ಭಾರತದಲ್ಲಿ ಕಡಿಮೆ ಶಕ್ತಿಯ ಉಪಕರಣಗಳಿಗೆ ಈ ಪಟ್ಟಿಯನ್ನು ಪರವಾನಿಗೆಯ ಹಂಗಿಲ್ಲದೆ ಬಳಸಲು 2005ರ ನಿಯಮಗಳು ಅವಕಾಶ ಮಾಡಿಕೊಟ್ಟವು. ಪರವಾನಿಗೆ ಬೇಡವಾದ ದಾರಿಯಲ್ಲಿ ಸಂಚಾರ ದಟ್ಟವಾಗಿರುವುದು ಸಹಜ. ವೈಫೈ ಅಲ್ಲಿದೆ, ಅಡಿಗೆಮನೆಯ ಮೈಕ್ರೋವೇವ್ ಒಲೆಯಿಂದ ಸೋರುವ ತರಂಗಗಳೂ ಅಲ್ಲಿವೆ. ಈ ಗದ್ದಲದಲ್ಲಿ ಮಾತು ಕೇಳಿಸಬೇಕಾದುದರಿಂದ ಮೂಲ ಬ್ಲೂಟೂತ್ ಆ ಪಟ್ಟಿಯನ್ನು 79 ಕಿರುದಾರಿಗಳಾಗಿ ವಿಭಾಗಿಸಿಕೊಂಡು, ಸೆಕೆಂಡಿಗೆ 1600 ಸಲ ಒಂದರಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಮಾತನಾಡುವ ಎರಡೂ ಉಪಕರಣಗಳಿಗೆ ಜಿಗಿತದ ಕ್ರಮ ಮೊದಲೇ ಗೊತ್ತಿರುವುದರಿಂದ ಅವು ಪರಸ್ಪರ ತಪ್ಪಿಸಿಕೊಳ್ಳುವುದಿಲ್ಲ. 2010ರಲ್ಲಿ ಬಂದ ನಾಲ್ಕನೆಯ ಆವೃತ್ತಿಯು ಅಲ್ಪಶಕ್ತಿಯ ಇನ್ನೊಂದು ವಿಧಾನವನ್ನು ಸೇರಿಸಿತು. ಅದರಲ್ಲಿ ಕಿರುದಾರಿಗಳು 40.

ಲಿನಕ್ಸ್‌ನಲ್ಲಿ ಇದರ ಪ್ರವೇಶ

ಲಿನಕ್ಸ್ ಎಂಬುದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲಿನಸ್ ಟೋರ್ವಾಲ್ಡ್ಸ್ ಆರಂಭಿಸಿದ ಕರ್ನೆಲ್, ಅಂದರೆ ಗಣಕಯಂತ್ರದ ಕಾರ್ಯವ್ಯವಸ್ಥೆಯ ತಿರುಳು. ಅದರ ಮೂಲ ಬರಹವನ್ನು ಯಾರು ಬೇಕಾದರೂ ಓದಬಹುದು, ತಿದ್ದಬಹುದು, ಹಂಚಬಹುದು. ನಮ್ಮ ದೇಶದ ಸಿ-ಡ್ಯಾಕ್ ಸಂಸ್ಥೆಯು ಇದನ್ನೇ ಆಧರಿಸಿ ‘ಬಾಸ್’ ಎಂಬ ಕಾರ್ಯವ್ಯವಸ್ಥೆಯನ್ನು ರೂಪಿಸಿದೆ. ನೆರೆಯ ಕೇರಳದ ಸರ್ಕಾರಿ ಶಾಲೆಗಳಲ್ಲಿ ಲಿನಕ್ಸ್ ಬಹುಕಾಲದಿಂದ ಬೇರೂರಿದೆ. ಕರ್ನಾಟಕದಲ್ಲಿಯೂ ಕಳೆದ ದಶಕದಲ್ಲಿ ಪ್ರೌಢಶಾಲಾ ಶಿಕ್ಷಕರಿಗಾಗಿ ನಡೆದ ವಿಷಯ ಶಿಕ್ಷಕರ ವೇದಿಕೆಯ ತರಬೇತಿಗಳಲ್ಲಿ ಉಬುಂಟು ಎಂಬ ಲಿನಕ್ಸ್ ಪ್ರಕಾರದ ಪರಿಚಯವಾಯಿತು. ಆದುದರಿಂದ ಇದು ನಮ್ಮ ಅಧ್ಯಾಪಕ ವರ್ಗಕ್ಕೆ ತೀರ ಅಪರಿಚಿತವೇನಲ್ಲ.

ಲಿನಕ್ಸ್‌ನಲ್ಲಿ ಬ್ಲೂಟೂತ್ ಕೆಲಸವನ್ನು ನಿರ್ವಹಿಸುವ ತಂತ್ರಾಂಶದ ಹೆಸರು ಬ್ಲೂಝ್. ಕ್ವಾಲ್‌ಕಾಮ್ ಸಂಸ್ಥೆಯಲ್ಲಿದ್ದ ಮ್ಯಾಕ್ಸ್ ಕ್ರಸ್ನ್ಯಾನ್‌ಸ್ಕಿ ಇದನ್ನು ಬರೆದರು. 2001ರಲ್ಲಿ ಅದು ಮುಕ್ತವಾಗಿ ಪ್ರಕಟವಾಗಿ, ಅದೇ ವರ್ಷ ಕರ್ನೆಲ್‌ನಲ್ಲಿ ಸೇರಿತು. ಮುಂದೆ ಮಾರ್ಸೆಲ್ ಹೋಲ್ಟ್‌ಮನ್ ಮೊದಲಾದವರು ಅದರ ಹೊಣೆ ಹೊತ್ತರು. ಇಂಟೆಲ್, ಕ್ವಾಲ್‌ಕಾಮ್ ಮುಂತಾದ ಸಂಸ್ಥೆಗಳ ಅಭಿಯಂತರರು ಇಂದಿಗೂ ಅದಕ್ಕೆ ತಿದ್ದುಪಡಿಗಳನ್ನು ಕಳುಹಿಸುತ್ತಾರೆ. ಈ ಎರಡು ಸಂಸ್ಥೆಗಳಿಗೂ ಬೆಂಗಳೂರಿನಲ್ಲಿ ದೊಡ್ಡ ಕೇಂದ್ರಗಳಿವೆ ಎಂಬುದನ್ನು ನಮ್ಮ ಹಳೆಯ ವಿದ್ಯಾರ್ಥಿಗಳು ಗಮನಿಸಬೇಕು.

ದೋಷ ಎಲ್ಲಿ ಹುಟ್ಟುತ್ತದೆ?

ಹೆಡ್‌ಫೋನಿನಲ್ಲಿ ಧ್ವನಿ ಬಾರದಿದ್ದಾಗ ‘ಬ್ಲೂಟೂತ್ ಕೆಟ್ಟಿದೆ’ ಎಂದುಬಿಡುವುದು ವಾಡಿಕೆ. ಆದರೆ ಧ್ವನಿಯು ಗಣಕಯಂತ್ರದಿಂದ ಕಿವಿಗೆ ತಲುಪುವ ಮುನ್ನ ಹಲವು ಕೈಗಳನ್ನು ದಾಟುತ್ತದೆ. ಕೆಳಗಿನಿಂದ ಎಣಿಸುವುದಾದರೆ, ಮೊದಲನೆಯದು ರೇಡಿಯೋ ಚಿಪ್ಪು. ಎರಡನೆಯದು ಆ ಚಿಪ್ಪಿನೊಳಗೆ ತುಂಬಬೇಕಾದ ಫರ್ಮ್‌ವೇರ್ ಎಂಬ ಪುಟ್ಟ ತಂತ್ರಾಂಶ. ಮೂರನೆಯದು ಕರ್ನೆಲ್‌ನಲ್ಲಿರುವ ಚಾಲಕ. ನಾಲ್ಕನೆಯದು ಹಿನ್ನೆಲೆಯಲ್ಲಿ ನಿಂತು ಜೋಡಣೆಯನ್ನು ನೋಡಿಕೊಳ್ಳುವ ಬ್ಲೂಝ್ ಸೇವೆ. ಐದನೆಯದು ಧ್ವನಿಯನ್ನು ಹಂಚುವ ತಂತ್ರಾಂಶ. ಹಿಂದೆ ಅದು ಪಲ್ಸ್‌ಆಡಿಯೋ ಆಗಿದ್ದು, 2021ರಿಂದೀಚೆಗೆ ಒಂದೊಂದೇ ಲಿನಕ್ಸ್ ಪ್ರಕಾರದಲ್ಲಿ ಪೈಪ್‌ವೈರ್ ಆ ಸ್ಥಾನಕ್ಕೆ ಬಂದಿದೆ. ಕೊನೆಯದು ಪರದೆಯ ಮೇಲೆ ನಾವು ಒತ್ತುವ ಗುಂಡಿ. ಈ ಆರರಲ್ಲಿ ಯಾವೊಂದು ಕೈ ಜಾರಿದರೂ ಕೇಳುಗನಿಗೆ ಕಾಣುವುದು ಒಂದೇ ಫಲ, ಮೌನ. ಆದುದರಿಂದ ಪರಿಹಾರದ ಮೊದಲ ಹೆಜ್ಜೆ ದೂರುವುದಲ್ಲ, ಯಾವ ಮೆಟ್ಟಿಲಲ್ಲಿ ಜಾರಿತೆಂದು ಗುರುತಿಸುವುದು.

ಬಹುಪಾಲು ತೊಂದರೆಗಳು ಎರಡನೆಯ ಹಾಗೂ ಮೂರನೆಯ ಮೆಟ್ಟಿಲಿನಲ್ಲಿವೆ. ವಿಂಡೋಸ್‌ಗಾಗಿ ಚಿಪ್ಪಿನ ತಯಾರಕರೇ ಚಾಲಕವನ್ನು ಬರೆದುಕೊಡುತ್ತಾರೆ. ಲಿನಕ್ಸ್‌ಗೆ ಕೆಲವರು ಬರೆದುಕೊಡುತ್ತಾರೆ, ಕೆಲವರು ಸುಮ್ಮನಿರುತ್ತಾರೆ. ಫರ್ಮ್‌ವೇರನ್ನು ಹಂಚಲು ಅನುಮತಿ ಕೊಟ್ಟ ತಯಾರಕರ ಚಿಪ್ಪುಗಳು ಹಚ್ಚಿದೊಡನೆ ನಡೆಯುತ್ತವೆ. ಅನುಮತಿ ಸಿಗದ ಕಡೆ ಬಳಕೆದಾರನು ಆ ಕಡತವನ್ನು ತಾನೇ ಹುಡುಕಿ ತರಬೇಕಾಗುತ್ತದೆ. ಹೊಸ ಚಿಪ್ಪಿನ ಗುರುತು ಕರ್ನೆಲ್‌ನ ಪಟ್ಟಿಯಲ್ಲಿ ಇನ್ನೂ ಸೇರಿಲ್ಲದಿದ್ದರೆ, ಎಲ್ಲ ಸಾಮರ್ಥ್ಯವಿದ್ದೂ ಅದು ಬಾಗಿಲಲ್ಲೇ ನಿಲ್ಲುತ್ತದೆ. ಆ ಪಟ್ಟಿಗೆ ಒಂದು ಸಾಲು ಸೇರಿಸಿದ ಮಾತ್ರಕ್ಕೆ ಸಾವಿರಾರು ಜನರ ಉಪಕರಣ ನಡೆಯತೊಡಗಿದ ಪ್ರಸಂಗಗಳು ಕರ್ನೆಲ್‌ನ ಇತಿಹಾಸದಲ್ಲಿ ಬಹಳ.

ಹೆಸರಿನ ಚೀಟಿ ಮತ್ತು ಒಳಗಿನ ಸರಕು

ಇಲ್ಲಿ ನಮ್ಮ ಬ್ಯಾಡಗಿ ಪೇಟೆಯ ಒಂದು ಹೋಲಿಕೆ ವಿಷಯವನ್ನು ಸ್ಪಷ್ಟಪಡಿಸಬಲ್ಲುದು. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ದೊರಕಿತು. ಹೆಸರಿಗೆ ಬೆಲೆ ಬಂದಲ್ಲಿ ಆ ಹೆಸರಿನ ದುರುಪಯೋಗವೂ ಬರುತ್ತದೆಯಾದುದರಿಂದಲೇ ಇಂತಹ ರಕ್ಷಣೆ ಬೇಕಾಗುತ್ತದೆ. ಆದರೂ ಕದರಮಂಡಲಗಿಯ ಅನುಭವಿ ರೈತನಾಗಲಿ, ಪೇಟೆಯ ವರ್ತಕನಾಗಲಿ ಚೀಲದ ಮೇಲಿನ ಬರಹವನ್ನಷ್ಟೇ ನಂಬುವುದಿಲ್ಲ. ಕಾಯಿಯನ್ನು ಕೈಗೆತ್ತಿಕೊಂಡು ಸುಕ್ಕನ್ನು ನೋಡುತ್ತಾನೆ, ಬಣ್ಣವನ್ನು ನೋಡುತ್ತಾನೆ, ಮುರಿದು ಖಾರವನ್ನು ಅಳೆಯುತ್ತಾನೆ.

ಬ್ಲೂಟೂತ್ ಲೋಕದಲ್ಲಿಯೂ ಇಂತಹದೇ ಒಂದು ಪ್ರಕರಣ ನಡೆಯಿತು. ಇಂಗ್ಲೆಂಡಿನ ಕೇಂಬ್ರಿಜ್ ನಗರದ ಸಿಎಸ್ಆರ್ ಎಂಬ ಸಂಸ್ಥೆಯ ಚಿಪ್ಪುಗಳು ಒಂದು ಕಾಲಕ್ಕೆ ಬಹು ಪ್ರಸಿದ್ಧವಾಗಿದ್ದವು. 2015ರಲ್ಲಿ ಆ ಸಂಸ್ಥೆಯನ್ನು ಕ್ವಾಲ್‌ಕಾಮ್ ಕೊಂಡುಕೊಂಡಿತು. ಯುಎಸ್‌ಬಿ ಕಿಂಡಿಗೆ ಚುಚ್ಚುವ ಪ್ರತಿಯೊಂದು ಸಾಧನವೂ ತಯಾರಕರ ಸಂಖ್ಯೆ, ಮಾದರಿಯ ಸಂಖ್ಯೆ ಎಂಬ ಎರಡು ಗುರುತುಗಳನ್ನು ಹೇಳಿಕೊಳ್ಳುತ್ತದೆ. ಅಗ್ಗದ ಅನೇಕ ಡಾಂಗಲ್‌ಗಳು ಸಿಎಸ್ಆರ್‌ನ ಗುರುತನ್ನೇ ನಕಲು ಮಾಡಿ ಮಾರುಕಟ್ಟೆಗೆ ಬಂದವು. ನಕಲು ಚಿಪ್ಪುಗಳು ತಮಗೆ ಬಾರದ ಆದೇಶಗಳನ್ನೂ ಬಲ್ಲೆವೆಂದು ಹೇಳಿದವು. ಲಿನಕ್ಸ್ ಆ ಮಾತನ್ನು ನಂಬಿ ಆದೇಶ ಕೊಟ್ಟಾಗ ಉತ್ತರ ತಪ್ಪಿ ಇಡೀ ಸಿದ್ಧತೆಯೇ ಮುರಿದು ಬೀಳುತ್ತಿತ್ತು. ಬಳಕೆದಾರರ ಕಣ್ಣಿಗೆ ದೋಷ ಲಿನಕ್ಸ್‌ನದಾಗಿ ಕಂಡಿತು.

ಈ ಸಮಸ್ಯೆಯನ್ನು ಬಿಡಿಸಿದ್ದು ಯಾವುದೋ ಒಂದು ಸಂಸ್ಥೆಯ ಕೃಪೆಯಲ್ಲ. ಹಲವು ದೇಶಗಳ ಬಳಕೆದಾರರು ತಮ್ಮ ತಮ್ಮ ಡಾಂಗಲ್ ಹೇಳಿಕೊಂಡ ಆವೃತ್ತಿಯ ಸಂಖ್ಯೆ, ಅದು ಎಡವಿದ ಆದೇಶ, ಆಗ ಬಂದ ಉತ್ತರ ಇವನ್ನು ದಾಖಲಿಸಿ ಒಪ್ಪಿಸಿದರು. ಆ ವಿವರಗಳನ್ನು ಹೋಲಿಸಿ ನೋಡಿದಾಗ ನಕಲಿನ ಲಕ್ಷಣಗಳು ಹೊರಬಿದ್ದವು. 2020ರ ಸುಮಾರಿನಿಂದ ಕರ್ನೆಲ್‌ಗೆ ಸೇರಿದ ತಿದ್ದುಪಡಿಗಳ ಫಲವಾಗಿ ಚಾಲಕವು ಈಗ ಹೆಸರಿನ ಚೀಟಿಯನ್ನಷ್ಟೇ ನೋಡದೆ, ಚಿಪ್ಪಿನ ಇತರ ಲಕ್ಷಣಗಳನ್ನೂ ತಾಳೆ ಹಾಕುತ್ತದೆ. ನಕಲೆಂದು ತಿಳಿದರೆ ಅದನ್ನು ಹೊರಗೆ ಹಾಕುವುದಿಲ್ಲ; ಅದಕ್ಕೆ ಬಾರದ ಆದೇಶಗಳನ್ನು ಕೇಳದೆ, ಬರುವಷ್ಟನ್ನು ಮಾಡಿಸಿಕೊಳ್ಳುತ್ತದೆ. ಅಗ್ಗದ ಡಾಂಗಲ್ ಕೊಂಡ ಬಡ ಶಾಲೆಗೆ ಇದರಿಂದ ಆದ ಉಪಕಾರ ಸಣ್ಣದಲ್ಲ.

ದೋಷವಲ್ಲದ ದೋಷಗಳು

ಪಾಠವನ್ನು ಧ್ವನಿಮುದ್ರಿಸುವ ಶಿಕ್ಷಕರಿಗೆ ಒಂದು ವಿಚಿತ್ರ ಅನುಭವವಾಗುವುದುಂಟು. ಹೆಡ್‌ಸೆಟ್ಟಿನಲ್ಲಿ ಹಾಡು ಇಂಪಾಗಿ ಕೇಳುತ್ತಿರುತ್ತದೆ. ಅದರ ಮೈಕನ್ನು ಬಳಸತೊಡಗಿದ ಕ್ಷಣ ಧ್ವನಿಯು ಹಳೆಯ ದೂರವಾಣಿಯಂತೆ ಮಂಕಾಗುತ್ತದೆ. ಇದಕ್ಕೆ ಕಾರಣ ಬ್ಲೂಟೂತ್‌ನ ರಚನೆಯಲ್ಲೇ ಇದೆ. ಸಂಗೀತವನ್ನು ಒಂದೇ ದಿಕ್ಕಿನಲ್ಲಿ ಕಳುಹಿಸಲು ಒಂದು ಪದ್ಧತಿ, ಎರಡೂ ದಿಕ್ಕಿನಲ್ಲಿ ಮಾತನಾಡಲು ಇನ್ನೊಂದು ಪದ್ಧತಿ. ಎರಡನೆಯದು ದೂರವಾಣಿಗಾಗಿ ಹುಟ್ಟಿದುದರಿಂದ ಅದರ ಹಳೆಯ ರೂಪವು ಧ್ವನಿಯನ್ನು ಸೆಕೆಂಡಿಗೆ 8000 ಮಾದರಿಗಳಷ್ಟೇ ಹಿಡಿಯುತ್ತದೆ. ಸುಧಾರಿತ ರೂಪವು 16000. ಸಂಗೀತದ ಪದ್ಧತಿಯಲ್ಲಿ ಈ ಸಂಖ್ಯೆ ಸಾಮಾನ್ಯವಾಗಿ 44100 ಅಥವಾ 48000. 2020ರ 5.2 ಆವೃತ್ತಿಯಿಂದ ಆರಂಭವಾದ ಅಲ್ಪಶಕ್ತಿ ಧ್ವನಿ ವಿಧಾನವು ಈ ಭೇದವನ್ನು ತೊಡೆದುಹಾಕುವ ಭರವಸೆ ನೀಡುತ್ತದೆ. ಆದರೆ ಹೆಡ್‌ಸೆಟ್ಟು, ಚಿಪ್ಪು, ತಂತ್ರಾಂಶ ಮೂರೂ ಅದನ್ನು ಬಲ್ಲವಾಗಿರಬೇಕು. ಅಲ್ಲಿಯವರೆಗೆ ಧ್ವನಿಮುದ್ರಣಕ್ಕೆ ತಂತಿಯ ಮೈಕು, ಆಲಿಸುವುದಕ್ಕೆ ಬ್ಲೂಟೂತ್ ಎಂಬ ಹಂಚಿಕೆಯೇ ಜಾಣತನ.

ಇನ್ನೊಂದು ಸಂಗತಿ. ಡಾಂಗಲ್ಲನ್ನು ನೀಲಿ ಬಣ್ಣದ ಯುಎಸ್‌ಬಿ 3 ಕಿಂಡಿಯ ಪಕ್ಕದಲ್ಲಿ ಚುಚ್ಚಿ, ಆ ಕಿಂಡಿಗೆ ಹಾರ್ಡ್‌ಡಿಸ್ಕ್ ಜೋಡಿಸಿದರೆ ಧ್ವನಿ ತುಂಡುತುಂಡಾಗಬಹುದು. ಯುಎಸ್‌ಬಿ 3ರ ಸಂಚಾರವು 2.4 ಗಿಗಾಹರ್ಟ್ಸ್ ಪಟ್ಟಿಯಲ್ಲಿ ಗದ್ದಲವನ್ನು ಹೊಮ್ಮಿಸುತ್ತದೆಂದು ಇಂಟೆಲ್ ಸಂಸ್ಥೆಯೇ 2012ರಲ್ಲಿ ಪ್ರಕಟಿಸಿದೆ. ಅಗ್ಗದ ಒಂದು ವಿಸ್ತರಣಾ ತಂತಿಯಿಂದ ಡಾಂಗಲ್ಲನ್ನು ಸ್ವಲ್ಪ ದೂರ ಸರಿಸಿದರೆ ಸಾಕು, ತೊಂದರೆ ಬಹುಮಟ್ಟಿಗೆ ಕಳೆಯುತ್ತದೆ.

ಒಂದೇ ಯಂತ್ರದಲ್ಲಿ ವಿಂಡೋಸ್, ಲಿನಕ್ಸ್ ಎರಡನ್ನೂ ಇಟ್ಟುಕೊಂಡವರಿಗೆ ಮೂರನೆಯ ತೊಡಕು. ಜೋಡಣೆಯಾಗುವಾಗ ಕೀಲಿಮಣೆಯೂ ಗಣಕಯಂತ್ರವೂ ಒಂದು ರಹಸ್ಯ ಸಂಖ್ಯೆಯನ್ನು ಹಂಚಿಕೊಳ್ಳುತ್ತವೆ. ಲಿನಕ್ಸ್‌ನಲ್ಲಿ ಮತ್ತೆ ಜೋಡಿಸಿದಾಗ ಹೊಸ ಸಂಖ್ಯೆ ಹುಟ್ಟುತ್ತದೆ. ವಿಂಡೋಸ್ ಹಳೆಯದನ್ನೇ ಹಿಡಿದು ಕುಳಿತಿರುತ್ತದೆ. ಕೀಲಿಮಣೆಯು ಆಗ ವಿಂಡೋಸ್‌ಗೆ ಓಗೊಡುವುದಿಲ್ಲ. ಯಾವುದೂ ಕೆಟ್ಟಿಲ್ಲ, ಬೀಗ ಬದಲಾಗಿದೆ, ಒಬ್ಬನ ಬಳಿ ಹಳೆಯ ಕೀಲಿ ಉಳಿದಿದೆ, ಅಷ್ಟೆ.

ಭದ್ರತೆಯ ಮಾತೂ ಇಲ್ಲಿ ಸಲ್ಲುತ್ತದೆ. 2023ರ ಡಿಸೆಂಬರಿನಲ್ಲಿ ಒಂದು ಗಂಭೀರ ನ್ಯೂನತೆ ಬಹಿರಂಗವಾಯಿತು. ಸಮೀಪದಲ್ಲಿರುವ ದುರುಳನೊಬ್ಬನು ತನ್ನ ಸಾಧನವನ್ನು ಕೀಲಿಮಣೆಯೆಂದು ನಟಿಸಿ, ಬಳಕೆದಾರನ ಒಪ್ಪಿಗೆಯಿಲ್ಲದೆಯೇ ಯಂತ್ರಕ್ಕೆ ಅಕ್ಷರಗಳನ್ನು ಒತ್ತಲು ಸಾಧ್ಯವಿತ್ತು. ಲಿನಕ್ಸ್‌ನಲ್ಲಿ ಇದರ ಪರಿಹಾರವು 2020ರಲ್ಲೇ ಬರೆಯಲ್ಪಟ್ಟಿದ್ದರೂ ಅದನ್ನು ಚಾಲನೆಯಲ್ಲಿ ಇಟ್ಟಿರಲಿಲ್ಲ. ಈಗ ಇಡಲಾಗಿದೆ. ಶಾಲೆಯ ಯಂತ್ರಗಳ ತಂತ್ರಾಂಶವನ್ನು ಆಗಾಗ್ಗೆ ನವೀಕರಿಸಬೇಕೆಂಬ ಮಾತಿಗೆ ಇದಕ್ಕಿಂತ ಒಳ್ಳೆಯ ನಿದರ್ಶನ ಬೇಡ.

ಯಾರಿಗಾಗಿ ಈ ಶ್ರಮ?

ಹಾಡು ಕೇಳುವ ಅನುಕೂಲ ಮಾತ್ರ ಇದರ ಫಲವಾಗಿದ್ದರೆ ಇಷ್ಟು ವಿವರಿಸುವ ಅಗತ್ಯವಿರಲಿಲ್ಲ. ದೃಷ್ಟಿಯಿಲ್ಲದ ವಿದ್ಯಾರ್ಥಿಯೊಬ್ಬನನ್ನು ನೆನೆಯೋಣ. ಪರದೆಯ ಮೇಲಿನ ಸಾಲನ್ನು ಬೆರಳಿಗೆ ತಾಕುವ ಚುಕ್ಕಿಗಳಾಗಿ ಎಬ್ಬಿಸುವ ಬ್ರೈಲ್ ಫಲಕಗಳಲ್ಲಿ ಅನೇಕವು ಬ್ಲೂಟೂತ್ ಮೂಲಕವೇ ಯಂತ್ರವನ್ನು ಸೇರುತ್ತವೆ. ಬಿಆರ್‌ಎಲ್‌ಟಿಟಿವೈ ಎಂಬ ಮುಕ್ತ ತಂತ್ರಾಂಶವು ಲಿನಕ್ಸ್‌ನಲ್ಲಿ ಅವನ್ನು ನಡೆಸುತ್ತದೆ. ಇ-ಸ್ಪೀಕ್ ತಂತ್ರಾಂಶವು ಕನ್ನಡ ಪಠ್ಯವನ್ನು ಓದಿ ಹೇಳಬಲ್ಲುದು. ಅಂತಹ ವಿದ್ಯಾರ್ಥಿಗೆ ಬ್ಲೂಟೂತ್ ಕಡಿದು ಬಿದ್ದಿತೆಂದರೆ ಪುಸ್ತಕವೇ ಮುಚ್ಚಿದಂತೆ.

ಕಿವಿ ಮಂದವಾದ ಮಗುವಿನ ಮಾತೂ ಹೀಗೆಯೇ. ಇಂದಿನ ಶ್ರವಣಸಾಧನಗಳಲ್ಲಿ ಕೆಲವು, ಗೂಗಲ್ ಸಂಸ್ಥೆಯು 2018ರಲ್ಲಿ ಪ್ರಕಟಿಸಿದ ‘ಆಶಾ’ ಎಂಬ ಬ್ಲೂಟೂತ್ ಪದ್ಧತಿಯನ್ನು ಅನುಸರಿಸುತ್ತವೆ. ಇಂಗ್ಲಿಷಿನ ನಾಲ್ಕು ಪದಗಳ ಮೊದಲಕ್ಷರಗಳಿಂದ ಆದ ಹೆಸರು ಅದು. ಆದರೂ ನಮ್ಮ ಕಿವಿಗೆ ಅದರ ಅರ್ಥ ತಟ್ಟದೆ ಇರದು. ಮೊದಲು ಅದು ಮೊಬೈಲ್ ದೂರವಾಣಿಗಳಿಗೆ ಮೀಸಲಾಗಿತ್ತು. ಪಲ್ಸ್‌ಆಡಿಯೋದ ನಿರ್ವಾಹಕರಲ್ಲೊಬ್ಬರಾಗಿ ಹೆಸರಾದ ಭಾರತೀಯ ಅಭಿಯಂತರ ಅರುಣ್ ರಾಘವನ್ ಮೊದಲಾದವರ ಪರಿಶ್ರಮದಿಂದ 2024ರಲ್ಲಿ ಅದರ ಬೆಂಬಲ ಬ್ಲೂಝ್‌ನಲ್ಲಿ ಸೇರಿತು. ಗಣಕಯಂತ್ರದಲ್ಲಿ ನಡೆಯುವ ಪಾಠದ ಧ್ವನಿಯು ನೇರವಾಗಿ ಶ್ರವಣಸಾಧನಕ್ಕೇ ತಲುಪುವ ದಾರಿ ಹೀಗೆ ತೆರೆಯಿತು.

ಕನ್ನಡದ ಬರವಣಿಗೆಗೆ ಬ್ಲೂಟೂತ್ ಕೀಲಿಮಣೆ ಆಗುವುದೇ ಎಂಬ ಸಂದೇಹ ಕೆಲವರಲ್ಲಿದೆ. ಕೀಲಿಮಣೆಯು ಅಕ್ಷರವನ್ನು ಕಳುಹಿಸುವುದಿಲ್ಲ. ಒತ್ತಿದ ಗುಂಡಿಯ ಸಂಖ್ಯೆಯನ್ನು ಮಾತ್ರ ಕಳುಹಿಸುತ್ತದೆ. ಆ ಸಂಖ್ಯೆಯನ್ನು ‘ಕ’ ಎಂದೋ ‘ಗ’ ಎಂದೋ ತಿಳಿಯುವುದು ಗಣಕಯಂತ್ರದ ಕೆಲಸ. ಕೆ. ಪಿ. ರಾವ್ ಅವರ ಧ್ವನ್ಯಾತ್ಮಕ ವಿನ್ಯಾಸದ ಪರಂಪರೆಯ ಕ-ಗ-ಪ ವಿನ್ಯಾಸವೂ ಇನ್‌ಸ್ಕ್ರಿಪ್ಟ್ ವಿನ್ಯಾಸವೂ ಲಿನಕ್ಸ್‌ನೊಳಗೇ ಇವೆ. ಆದುದರಿಂದ ಯಾವ ಬ್ಲೂಟೂತ್ ಕೀಲಿಮಣೆಯಾದರೂ ಕನ್ನಡಕ್ಕೆ ಒದಗುತ್ತದೆ.

ನಮ್ಮ ಪಾಲಿನ ಕೆಲಸ

ಇಷ್ಟನ್ನು ತಿಳಿದ ಮೇಲೆ ಕರ್ತವ್ಯವು ತಾನಾಗಿ ಸ್ಪಷ್ಟವಾಗುತ್ತದೆ. ದಾನಿಗಳು ಹತ್ತು ಉಪಕರಣಗಳನ್ನು ಒಟ್ಟಿಗೆ ಕೊಳ್ಳುವ ಮುನ್ನ ಒಂದನ್ನು ತರಿಸಿ, ಶಾಲೆಯ ಲಿನಕ್ಸ್ ಯಂತ್ರಕ್ಕೆ ಜೋಡಿಸಿ ನೋಡಲಿ. ಪೆಟ್ಟಿಗೆಯ ಮೇಲಿನ ಹೊಗಳಿಕೆಗಿಂತ ಒಳಗಿನ ಚಿಪ್ಪು ಯಾವುದೆಂಬುದು ಮುಖ್ಯ. ನಡೆಯದ ಹತ್ತಕ್ಕಿಂತ ನಡೆಯುವ ಐದು ಮೇಲು.

ಶಿಕ್ಷಕರು ದಾಸ್ತಾನು ಪುಸ್ತಕದಲ್ಲಿ ಉಪಕರಣದ ಹೆಸರು, ಬೆಲೆಗಳ ಜೊತೆಗೆ ಇನ್ನೂ ಮೂರು ಸಂಗತಿಗಳನ್ನು ಬರೆದಿಡುವುದು ಒಳಿತು: ಯುಎಸ್‌ಬಿ ಗುರುತಿನ ಸಂಖ್ಯೆ, ಅದು ನಡೆದ ಲಿನಕ್ಸ್‌ನ ಆವೃತ್ತಿ, ಎದುರಾದ ತೊಡಕು. ಉಪಕರಣವು ಎಡವಿದಾಗ ‘ಕೆಲಸ ಮಾಡುತ್ತಿಲ್ಲ’ ಎಂಬ ಒಂದೇ ಸಾಲಿನ ದೂರು ಯಾರಿಗೂ ನೆರವಾಗದು. ಯಂತ್ರದ ಮಾದರಿ, ಕರ್ನೆಲ್ ಮತ್ತು ಬ್ಲೂಝ್‌ನ ಆವೃತ್ತಿ, ಏನು ಮಾಡಿದಾಗ ಏನಾಯಿತು ಎಂಬ ಕ್ರಮ, ಮತ್ತೆ ಮಾಡಿದರೆ ಮತ್ತೆ ಹಾಗೆಯೇ ಆಗುವುದೇ ಎಂಬ ಪರೀಕ್ಷೆ, ಇಷ್ಟಿದ್ದರೆ ಅದು ವರದಿ. ಬ್ಲೂಝ್‌ನೊಡನೆ ಬರುವ ‘ಬಿಟಿಮಾನ್’ ಎಂಬ ಸಾಧನವು ಯಂತ್ರಕ್ಕೂ ಚಿಪ್ಪಿಗೂ ನಡೆದ ಮಾತುಕತೆಯನ್ನು ಅಕ್ಷರಶಃ ದಾಖಲಿಸುತ್ತದೆ. ಆ ದಾಖಲೆಯಲ್ಲಿ ಗುಟ್ಟಿನ ವಿಷಯಗಳೂ ಇರಬಹುದಾದುದರಿಂದ ಪರಿಶೀಲಿಸಿ ಕಳುಹಿಸಬೇಕು. ವಿಜ್ಞಾನದ ಪ್ರಯೋಗವನ್ನು ಬರೆದು ಅಭ್ಯಾಸವಿರುವ ನಮ್ಮ ವಿದ್ಯಾರ್ಥಿಗಳಿಗೆ ಉದ್ದೇಶ, ವಿಧಾನ, ವೀಕ್ಷಣೆ, ನಿರ್ಣಯ ಎಂಬ ಕ್ರಮವನ್ನು ಹೇಳಿಕೊಡಬೇಕಾಗಿಲ್ಲ. ಇಲ್ಲಿ ಅವರು ಬರೆಯುವ ವೀಕ್ಷಣೆಯು ಪರೀಕ್ಷಕರ ಮೇಜಿನ ಮೇಲೆ ಉಳಿಯದೆ ಲೋಕದ ಉಪಯೋಗಕ್ಕೆ ಸಲ್ಲುತ್ತದೆ.

ಬೆಂಗಳೂರು, ಹುಬ್ಬಳ್ಳಿಗಳಲ್ಲಿ ಹಾಗೂ ಹೊರದೇಶಗಳಲ್ಲಿ ತಂತ್ರಾಂಶದ ವೃತ್ತಿಯಲ್ಲಿರುವ ಹಳೆಯ ವಿದ್ಯಾರ್ಥಿಗಳಿಗೆ ಒಂದು ವಿಶೇಷ ಹೊಣೆಯಿದೆ. ಹಳ್ಳಿಯ ಶಿಕ್ಷಕರು ಕನ್ನಡದಲ್ಲಿ ಬರೆದ ವರದಿಯನ್ನು ತಿದ್ದಿ ಇಂಗ್ಲಿಷಿನಲ್ಲಿ ಮುಟ್ಟಬೇಕಾದಲ್ಲಿಗೆ ಮುಟ್ಟಿಸುವುದು, ಜೋಡಣೆಯ ಪರದೆಗಳಲ್ಲಿ ಇನ್ನೂ ಇಂಗ್ಲಿಷಿನಲ್ಲೇ ಉಳಿದ ಮಾತುಗಳನ್ನು ಕನ್ನಡಕ್ಕೆ ತರುವುದು, ಬಲ್ಲವರಾದರೆ ಚಾಲಕದ ತಿದ್ದುಪಡಿಯನ್ನೇ ಬರೆಯುವುದು, ಇವೆಲ್ಲ ಹಣದ ಕಾಣಿಕೆಗೆ ಎಳ್ಳಷ್ಟೂ ಕಡಿಮೆಯಾದ ಕಾಣಿಕೆಗಳಲ್ಲ.

ಲಿನಕ್ಸ್‌ನಲ್ಲಿ ಬ್ಲೂಟೂತ್ ಇಂದು ಇರುವಷ್ಟು ಸುಧಾರಿಸಿರುವುದು ಯಾರೋ ಒಬ್ಬರ ಮೇಧಾಶಕ್ತಿಯಿಂದಲ್ಲ. ತಮ್ಮ ಮುಂದಿನ ಪುಟ್ಟ ಉಪಕರಣವನ್ನು ನಿಜವಾಗಿ ನೋಡಿ, ಕಂಡದ್ದನ್ನು ಕಂಡಂತೆ ಬರೆದ ಸಾವಿರಾರು ಜನರಿಂದ. ಕೇರಳದ ಶಾಲೆಯಲ್ಲೋ ಜರ್ಮನಿಯ ಮನೆಯಲ್ಲೋ ಬರೆದ ವರದಿಯ ಫಲವನ್ನು ನಾವು ಉಣ್ಣುತ್ತಿದ್ದೇವೆ. ನಮ್ಮ ಹಾವೇರಿ ಜಿಲ್ಲೆಯ ಶಾಲೆಯೊಂದರಲ್ಲಿ ಎಡವಿದ ಉಪಕರಣದ ವಿವರವೂ ಆ ಭಂಡಾರಕ್ಕೆ ಸೇರಲಿ. ಎಲ್ಲೋ ದೂರದಲ್ಲಿ ಕಿವಿ ಮಂದವಾದ ಮಗುವೊಂದಕ್ಕೆ ಅದರಿಂದ ಪಾಠ ಕೇಳಿಸಿದರೆ ಅದಕ್ಕಿಂತ ಸಾರ್ಥಕವಾದ ವಿದ್ಯಾದಾನ ಬೇರೊಂದಿಲ್ಲ.